ಅರವತ್ತರ ದಶಕದ ದೊಡ್ಡ ಅಮೆರಿಕನ್ ಗಾಡಿ: ಇಂಪಾಲಾ, ಗ್ಯಾಲಕ್ಸಿ, ಕ್ಯಾಟಲಿನಾ, ಕ್ರೈಸ್ಲರ್ 300ರಲ್ಲಿ ಯಾವುದು?

ಮಸಲ್ ಕಾರ್, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಗಾಡಿ, ಎಂದ ಕೂಡಲೇ ಮಸ್ಟಾಂಗ್, ಚಾರ್ಜರ್, ಜಿಟಿಒ ಹೆಸರು ಬರುತ್ತವೆ. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇಲ್ಲಿರುವುದು ಅವಕ್ಕಿಂತ ಒಂದು ಸುತ್ತು ದೊಡ್ಡ ಗಾಡಿಗಳ ವಿಷಯ. ಮನೆಮಂದಿಯೆಲ್ಲ ಕೂತು ಹೋಗುವ ಕಾರಿಗೆ ಡೆಟ್ರಾಯ್ಟ್ ಕಂಪನಿಗಳು ಆರೇಳು ಲೀಟರಿನ ವಿ8 ಎಂಜಿನ್ ಕೂರಿಸಿ, ನಾಲ್ಕು ಗೇರಿನ ಕೋಲು ಕೊಟ್ಟು ಮಾರಿದ ಗಾಡಿಗಳಿವು. 1961ರ ಸುಮಾರಿಗೆ ಶುರುವಾದ ಈ ಭರಾಟೆ 1964ರ ನಂತರ ನಿಧಾನವಾಗಿ ಇಳಿಯಿತು. ಆ ವರ್ಷ ಪಾಂಟಿಯಾಕ್‌ನವರು ದೊಡ್ಡ ಗಾಡಿಯ 389 ಎಂಜಿನನ್ನು ಹಗುರವಾದ ಟೆಂಪೆಸ್ಟ್ ಮೈಗೆ ಹಾಕಿ ಜಿಟಿಒ ಮಾಡಿದರು. ಅದೇ ಎಂಜಿನ್, ಕಡಿಮೆ ತೂಕ, ಕಡಿಮೆ ದುಡ್ಡು. ಹುಡುಗರೆಲ್ಲ ಅತ್ತ ಹೋದರು.

ಹಾಗಾಗಿ ಇವತ್ತಿಗೂ ದೊಡ್ಡ ಗಾಡಿಗಳಿಗೆ ಜಿಟಿಒ, ಶೆವೆಲ್‌ಗಳಷ್ಟು ನೂಕುನುಗ್ಗಲಿಲ್ಲ. ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಹೆಂಡತಿ ಮಕ್ಕಳ ಜೊತೆ ಭಾನುವಾರ ಸುತ್ತಾಡಲು ಒಂದು ಹಳೆ ಗಾಡಿ ಬೇಕು ಎಂದರೆ ನಾನು ಹೇಳುವುದು ಇವನ್ನೇ. ಆದರೆ ಆರಿಸುವಾಗ ಬಹುತೇಕರು ಮೊದಲು ಬಾನೆಟ್ ಎತ್ತುತ್ತಾರೆ. ನನ್ನ ಪ್ರಕಾರ ಬಾನೆಟ್ ಕೊನೆಗೆ ಎತ್ತಬೇಕಾದ್ದು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಚಾಸಿ ತುಕ್ಕು ತಿಂದಿದ್ದರೆ, ಕ್ರೋಮ್ ಪಟ್ಟಿ ಕಳೆದುಹೋಗಿದ್ದರೆ, ಬ್ರೇಕು ಎರಡನೇ ಸಲ ಒತ್ತುವಷ್ಟರಲ್ಲಿ ಸೋಲುತ್ತಿದ್ದರೆ ಆಗ ಶುರುವಾಗುತ್ತದೆ ನಿಜವಾದ ಖರ್ಚು.

ಜಾಹೀರಾತಿನ ಅಂಕಿಗಳ ಬಗ್ಗೆ ಒಂದೆರಡು ಮಾತು. 409, 421, 428 ಎಂಬುವು ಕ್ಯೂಬಿಕ್ ಇಂಚಿನಲ್ಲಿ ಎಂಜಿನ್ ಗಾತ್ರ; 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಆಗಿನ ಹಾರ್ಸ್‌ಪವರ್ ಎಲ್ಲ ಗ್ರಾಸ್ ಲೆಕ್ಕ: ಎಂಜಿನನ್ನು ಗಾಡಿಯಿಂದ ಹೊರಗಿಟ್ಟು, ಏರ್ ಫಿಲ್ಟರ್, ಸೈಲೆನ್ಸರ್ ಏನೂ ಇಲ್ಲದೆ ಅಳೆದದ್ದು. 1972ರಿಂದಷ್ಟೇ ನೆಟ್ ಲೆಕ್ಕ ಬಂತು. ಆದ್ದರಿಂದ 425 ಎಂದು ಬರೆದದ್ದನ್ನು ಇವತ್ತಿನ ಕಾರಿನ 425ರ ಪಕ್ಕದಲ್ಲಿ ಇಡಬೇಡಿ.

ಗಾತ್ರವೂ ನೆನಪಿರಲಿ. ಇವೆಲ್ಲ ಸುಮಾರು 5.4 ಮೀಟರ್ ಉದ್ದ, ಎರಡು ಮೀಟರ್ ಅಗಲ; ಇನ್ನೋವಾ ಕ್ರಿಸ್ಟಾಗಿಂತ ಎರಡಡಿಗೂ ಹೆಚ್ಚು ಉದ್ದ. ಮನೆಯ ಗ್ಯಾರೇಜಿನ ಆಳವನ್ನು ಟೇಪು ಹಿಡಿದು ಅಳೆದ ಮೇಲೆಯೇ ಗಾಡಿ ನೋಡಲು ಹೊರಡಿ.

ಇಂಪಾಲಾ ಎಸ್‌ಎಸ್: ಮೊದಲ ಗಾಡಿಗೆ ಸಲೀಸು

ಈ ನಾಲ್ಕರಲ್ಲಿ ನಮ್ಮ ಊರುಗಳಲ್ಲೂ ಹೆಸರು ಗೊತ್ತಿರುವುದು ಶೆವರ್ಲೆ ಕಂಪನಿಯ ಇಂಪಾಲಾ ಒಂದೇ. ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್; ಆ ಪ್ಯಾಕೇಜ್ 1961ರ ಮಧ್ಯದಲ್ಲಿ ಬಂತು. ಆ ವರ್ಷ ತಯಾರಾದದ್ದು ಬರೀ 453. 409 ಎಂಜಿನ್ ಬಂದದ್ದೂ ಆಗಲೇ. 1962ಕ್ಕೆ ಎರಡು ಕಾರ್ಬ್ಯುರೇಟರ್ ಹಾಕಿ 409 ಇಂಚಿಗೆ 409 ಹಾರ್ಸ್‌ಪವರ್ ಎಂದು ಘೋಷಿಸಿದರು. ಅಂಕಿ ಕೇಳಲು ಚೆಂದ, ಹಾಗಾಗಿ ಇವತ್ತಿಗೂ 409ಕ್ಕೆ ಹೆಚ್ಚು ಬೆಲೆ. ನಕಲಿ ಹುಟ್ಟಿಕೊಂಡದ್ದೂ ಅದಕ್ಕೇ. 348 ಎಂಜಿನ್ ನೋಡಲು ಹೆಚ್ಚು ಕಡಿಮೆ 409ರಂತೆಯೇ ಇರುತ್ತದೆ, ಅದೇ ಅಲೆಯಲೆಯಾದ ವಾಲ್ವ್ ಕವರ್. ಆಯಿಲ್ ನೋಡುವ ಡಿಪ್‌ಸ್ಟಿಕ್ ಎಲ್ಲಿದೆ ನೋಡಿ: 348ರಲ್ಲಿ ಡ್ರೈವರ್ ಬದಿಗೆ, 409ರಲ್ಲಿ ಪಕ್ಕದ ಸೀಟಿನ ಬದಿಗೆ.

1964ರವರೆಗಿನ ಇಂಪಾಲಾಗಳ ಚಾಸಿ ಎಕ್ಸ್ ಆಕಾರದ್ದು. ನಡುವೆ ಮಾತ್ರ ಉಕ್ಕು, ಎರಡು ಬದಿಗೂ ಉದ್ದನೆಯ ಪಟ್ಟಿ ಇಲ್ಲ. ಪಕ್ಕದಿಂದ ಯಾರಾದರೂ ಗುದ್ದಿದರೆ ನಿಮಗೂ ಅವರ ಬಂಪರಿಗೂ ನಡುವೆ ಬಾಗಿಲಿನ ತಗಡು, ಕೆಳಗಿನ ಸಿಲ್ ಬಿಟ್ಟರೆ ಹೆಚ್ಚೇನಿಲ್ಲ. 1964ರ ಇಂಪಾಲಾವನ್ನು ಲಾಸ್ ಏಂಜಲಿಸ್‌ನ ಲೋ-ರೈಡರ್ ಹುಡುಗರು (ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಮೆರೆಸುವವರು) ದೇವರಂತೆ ನೋಡಿಕೊಳ್ಳುತ್ತಾರೆ, ರೇಟೂ ಹಾಗೇ ಇದೆ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಉದ್ದೇಶವಿದ್ದರೆ 1965ರ ನಂತರದ್ದು ನೋಡಿ. ಆ ವರ್ಷ ಚಾಸಿ ಪೂರ್ತಿ ಬದಲಾಗಿ ಸುತ್ತುಪಟ್ಟಿಯದ್ದಾಯಿತು. ಅದೇ ವರ್ಷದ ನಡುವಿನಲ್ಲಿ 396 ಬಿಗ್ ಬ್ಲಾಕ್ ಎಂಜಿನ್, ಜೊತೆಗೆ ಮೂರು ಗೇರಿನ ಟರ್ಬೊ ಹೈಡ್ರಾಮ್ಯಾಟಿಕ್ ಆಟೋಮ್ಯಾಟಿಕ್ ಬಂದವು. ಅದಕ್ಕೂ ಮುಂಚಿನ ಪವರ್‌ಗ್ಲೈಡ್‌ಗೆ ಎರಡೇ ಗೇರು. ಗಟ್ಟಿ ಸಾಮಾನು, ಆದರೆ ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಎಂಜಿನ್ ಅರಚುವುದು ಕೇಳಿದರೆ ಪಾಪ ಅನ್ನಿಸುತ್ತದೆ.

1965ರಲ್ಲಿ ಇಂಪಾಲಾ ಒಂದೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಫಲ ಇವತ್ತು ನಿಮಗೆ: ನೆಲದ ತಗಡು, ಡಿಕ್ಕಿಯ ತಳ, ಹಿಂದಿನ ಫೆಂಡರ್, ಸೀಟ್ ಕವರ್, ಬಾಗಿಲಿನ ರಬ್ಬರ್ ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತವೆ. ಬೇರೆ ಮೂರು ಗಾಡಿಗಳಿಗೆ ಈ ಮಾತು ಹೇಳಲಾಗದು.

ಅಸಲಿ ಎಸ್‌ಎಸ್ ಹೌದೋ ಅಲ್ಲವೋ ಎನ್ನುವುದು ವರ್ಷದ ಮೇಲೆ ನಿಂತಿದೆ. 1962, 1963ರಲ್ಲಿ ಎಸ್‌ಎಸ್ ಬರೀ ಆಪ್ಷನ್, ಗಾಡಿಯ ನಂಬರಿನಲ್ಲಿ (ನೋಂದಣಿಯದ್ದಲ್ಲ, ಕಂಪನಿಯೇ ಹಾಕಿದ ವಿಐಎನ್) ಅದರ ಗುರುತೇ ಇಲ್ಲ. ಬ್ಯಾಡ್ಜ್ ಅಂಟಿಸಿ ಮಾರುವವರಿಗೆ ಆ ಎರಡು ವರ್ಷ ಹಬ್ಬ. 1965ರ ವಿ8 ಎಸ್‌ಎಸ್ ಆದರೆ ನಂಬರ್ 166ರಿಂದ, 1966 ಮತ್ತು 1967ರದ್ದಾದರೆ 168ರಿಂದ ಶುರುವಾಗಬೇಕು. 1968ಕ್ಕೆ ಮತ್ತೆ ಆಪ್ಷನ್ ಆಯಿತು, ಮತ್ತೆ ಗೊಂದಲ.

ಗ್ಯಾಲಕ್ಸಿ 500: ನಾನಾದರೆ ಇದನ್ನೇ

ಫೋರ್ಡ್‌ನ ಕಥೆ ರೇಸಿನಿಂದ ಶುರು. 1962ರ ಗ್ಯಾಲಕ್ಸಿಯ ಚೌಕದ ಟಾಪು ಗಾಳಿಗೆ ಅಡ್ಡ ಬರುತ್ತಿತ್ತು. 1963ರ ನಡುವಿನಲ್ಲಿ ಹಿಂದಕ್ಕೆ ಇಳಿಜಾರಾದ ಟಾಪು ಹಾಕಿ, 427 ಎಂಜಿನ್ ಕೊಟ್ಟರು. ನಾಸ್ಕಾರ್‌ನಲ್ಲಿ (ಅಮೆರಿಕದ ಸ್ಟಾಕ್ ಕಾರ್ ರೇಸು) ಏಳು ಲೀಟರ್ ಮಿತಿ ಇತ್ತು, ಲೆಕ್ಕ ಹಾಕಿದರೆ 427 ಇಂಚು. ಎಂಜಿನ್ನಿನ ನಿಜವಾದ ಗಾತ್ರ ಅದಕ್ಕಿಂತ ಒಂದೆರಡು ಇಂಚು ಕಡಿಮೆಯೇ, ಆದರೂ ಹೆಸರು 427. ಆ ವರ್ಷದ ಡೇಟೋನಾ 500ರಲ್ಲಿ ಟೈನಿ ಲುಂಡ್ ಗೆದ್ದ, ಮೊದಲ ಐದೂ ಸ್ಥಾನ ಫೋರ್ಡ್ ಪಾಲಾಯಿತು. ಅದೇ ಗಾಡಿ ಸಮುದ್ರ ದಾಟಿ ಇಂಗ್ಲೆಂಡಿಗೂ ಹೋಯಿತು. ಸಿಲ್ವರ್‌ಸ್ಟೋನ್‌ನಲ್ಲಿ ಜಾಕ್ ಸಿಯರ್ಸ್ ಓಡಿಸಿದ ಗ್ಯಾಲಕ್ಸಿ, ವರ್ಷಗಟ್ಟಲೆ ಮೆರೆದಿದ್ದ ಜಾಗ್ವಾರ್‌ಗಳನ್ನು ಹಿಂದೆ ಹಾಕಿತು. ಎರಡು ವರ್ಷ ಮುಂಚೆ, 1961ರಲ್ಲಿ ಡ್ಯಾನ್ ಗರ್ನಿ ಇಂಪಾಲಾ ತೆಗೆದುಕೊಂಡು ಹೋಗಿ ಅಲ್ಲೇ ಮುಂದಿದ್ದ. ಚಕ್ರ ಮುರಿದು ಕೈಬಿಡಬೇಕಾಯಿತು. ಎಂಜಿನ್ ಓಡಿಸುತ್ತದೆ, ಕೊನೆ ಮುಟ್ಟಿಸುವುದು ಬೇರೆ ಭಾಗಗಳು.

ಆದರೆ 427 ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದರ ಬಿಡಿಭಾಗ ದುಬಾರಿ, ಟ್ರಾಫಿಕ್‌ನಲ್ಲಿ ಓಡಿಸಲು ತ್ರಾಸ, ಅಸಲಿ ಸಿಕ್ಕರೂ ಹೊರಗೆ ತೆಗೆಯಲು ಮನಸ್ಸು ಬರುವುದಿಲ್ಲ. ನನ್ನ ಆಯ್ಕೆ 1966ರ ಗ್ಯಾಲಕ್ಸಿ 500 7-ಲೀಟರ್. ಎಂಜಿನ್ 428, 345 ಹಾರ್ಸ್‌ಪವರ್. ಸ್ವಭಾವ ಸೌಮ್ಯ, ಕೆಳಗಿನಿಂದಲೇ ಎಳೆತ ಚೆನ್ನಾಗಿದೆ, ಸಿಗ್ನಲ್‌ನಲ್ಲಿ ನಿಂತರೆ ಗುರುಗುಟ್ಟುವುದಿಲ್ಲ. ಅದಕ್ಕಿಂತ ಮುಖ್ಯ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕಂಪನಿಯಿಂದಲೇ ಬಂದಿದೆ. ಶೆವರ್ಲೆ, ಪಾಂಟಿಯಾಕ್‌ಗಳ ದೊಡ್ಡ ಗಾಡಿಗಳಿಗೆ ಡಿಸ್ಕ್ ಸಿಕ್ಕಿದ್ದು 1967ಕ್ಕೆ, ಅದೂ ಆಪ್ಷನ್ ಆಗಿ. 1800 ಕಿಲೋ ತೂಕದ ಗಾಡಿಯನ್ನು ಇಳಿಜಾರಿನಲ್ಲಿ ನಾಲ್ಕು ಸಲ ಡ್ರಮ್ ಬ್ರೇಕ್‌ನಲ್ಲಿ ನಿಲ್ಲಿಸಿ ನೋಡಿದವರಿಗೆ ನಾನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ.

1965ರಿಂದ ಫೋರ್ಡ್‌ನ ಚಾಸಿಯೂ ಹೊಸದು. ಹಿಂದಿನ ಚಕ್ರಗಳಿಗೆ ಪಟ್ಟಾ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು. ರೋಲ್ಸ್‌ರಾಯ್ಸ್‌ಗಿಂತ ನಿಶ್ಶಬ್ದ ಎಂದು ಜಾಹೀರಾತನ್ನೂ ಕೊಟ್ಟರು; ಹೆಚ್ಚೇ ಆಯಿತು ಅನ್ನಿ, ಆದರೆ ಕೂತವರಿಗೆ ಸುಖ ಇರುವುದು ನಿಜ. ಈ ಚಾಸಿಯ ಕೇಡು ತುಕ್ಕು. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ ಟಾರ್ಕ್ ಬಾಕ್ಸ್ ಎಂಬ ಪೆಟ್ಟಿಗೆಯಂಥ ಭಾಗಗಳಿವೆ. ನೀರು, ಉಪ್ಪು ಒಳಗೆ ಸೇರಿದರೆ ಹೊರಬರಲು ದಾರಿಯಿಲ್ಲ. ಹೊರಗೆ ಬಣ್ಣ ಫಳಫಳ, ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೇ ಹೋಗುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಲು ಮಾರುವವನು ಒಪ್ಪದಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಇಲ್ಲೂ ನಕಲಿ ಉಂಟು. ಫೋರ್ಡ್‌ನ 390, 428 ಎರಡೂ ಹೊರಗಿನಿಂದ ಒಂದೇ. ಗಾಡಿ ನಂಬರಿನ ಐದನೇ ಅಕ್ಷರ ಕ್ಯೂ ಇದ್ದರೆ 428, ಝಡ್ ಇದ್ದರೆ 390, ಆರ್ ಇದ್ದರೆ ಎರಡು ಕಾರ್ಬ್ಯುರೇಟರಿನ 427. ಅದು ಕಂಪನಿ ಹಾಕಿದ ಎಂಜಿನ್ ಹೇಳುತ್ತದೆ, ಈಗ ಒಳಗಿರುವುದನ್ನಲ್ಲ. ಅದಕ್ಕೆ ಹಳೆ ಮೆಕ್ಯಾನಿಕ್‌ಗಳ ಉಪಾಯವೊಂದಿದೆ: ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ತೆಳುವಾದ ಮರದ ಕಡ್ಡಿ ಇಳಿಸಿ, ಎಂಜಿನನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುವುದು. ಪಿಸ್ಟನ್ ಮೇಲೆ ಬಂದಾಗ ಒಂದು ಗುರುತು, ಕೆಳಗೆ ಹೋದಾಗ ಒಂದು ಗುರುತು. ನಡುವಿನ ಅಂತರ 390ರಲ್ಲಿ 96 ಮಿಲಿಮೀಟರ್, 428ರಲ್ಲಿ 101. ಪ್ಲಗ್ಗಿನ ತೂತು ಓರೆಯಾಗಿರುವುದರಿಂದ ಕಡ್ಡಿ ಸಿಕ್ಕಿ ಮುರಿಯದಂತೆ ನೋಡಿಕೊಳ್ಳಬೇಕು. ಸ್ಟಾರ್ಟರ್ ಮುಟ್ಟಲೇ ಬಾರದು. ಐದು ಮಿಲಿಮೀಟರಿನ ಮೇಲೆ ಸಾವಿರಾರು ಡಾಲರ್ ನಿಂತಿರುತ್ತದೆ.

ಫೋರ್ಡ್ ದಾಖಲೆಗಳಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ 1967ರಿಂದ ಈಚಿನ ಗಾಡಿಗಳಿಗಷ್ಟೇ ಸಿಗುತ್ತದೆ. ಹಾಗಾಗಿ 1966ಕ್ಕೆ ಗಾಡಿ ನಂಬರಿನ ತಗಡು, ಕಡ್ಡಿ, ಹಳೆಯ ಕಾಗದಪತ್ರ, ಇವಿಷ್ಟೇ ಆಧಾರ.

ಕ್ಯಾಟಲಿನಾ 2+2: ಮನಸ್ಸು ಬೇಡುವುದು

ಚೆಲುವಿನ ಮಾತಾದರೆ 1965ರ ಪಾಂಟಿಯಾಕ್‌ಗೆ ಸಾಟಿಯಿಲ್ಲ. ಒಂದರ ಮೇಲೊಂದು ಕೂತ ಹೆಡ್‌ಲೈಟು, ಹಿಂದೆ ಸೊಂಟದಲ್ಲಿ ಏರಿ ಇಳಿಯುವ ಗೆರೆ. 2+2 ಎಂಬುದು ಕ್ಯಾಟಲಿನಾದ ಮೇಲಿನ ಆಪ್ಷನ್. 1964ರಲ್ಲಿ 389 ಎಂಜಿನ್‌ನೊಂದಿಗೆ ಬಂತು, 1965ಕ್ಕೆ 421. ಸಾಮಾನ್ಯದ್ದು 338 ಹಾರ್ಸ್‌ಪವರ್, ಮೂರು ಕಾರ್ಬ್ಯುರೇಟರಿನ ಎಚ್‌ಒ (ಹೈ ಔಟ್‌ಪುಟ್) 376.

1965ರ ಮಾರ್ಚ್‌ನಲ್ಲಿ ಕಾರ್ ಅಂಡ್ ಡ್ರೈವರ್ ಪತ್ರಿಕೆಯವರು ಇದನ್ನು ಫೆರಾರಿ 330 ಜೊತೆ ಹೋಲಿಸಿ, ಸೊನ್ನೆಯಿಂದ 60 ಮೈಲಿಗೆ 3.9 ಸೆಕೆಂಡ್ ಎಂದು ಬರೆದರು. ಮಾರುವವರು ಇವತ್ತಿಗೂ ಆ ಅಂಕಿಯನ್ನು ಉರು ಹೊಡೆಯುತ್ತಾರೆ. ಆ ಗಾಡಿ ರಾಯಲ್ ಓಕ್‌ನ ರಾಯಲ್ ಪಾಂಟಿಯಾಕ್ ಎಂಬ ಡೀಲರ್ ಕೈಯಲ್ಲಿ ವಿಶೇಷವಾಗಿ ಹದಗೊಂಡದ್ದು ಎಂಬ ಮಾತನ್ನು ಮಾತ್ರ ನುಂಗುತ್ತಾರೆ. ಷೋರೂಮಿನಿಂದ ಇಳಿದ ಗಾಡಿ ಹಾಗೆ ಓಡುತ್ತಿರಲಿಲ್ಲ.

ಈ ಗಾಡಿಯ ಒಡವೆ ಎಂದರೆ ಎಂಟು ಬೋಲ್ಟಿನ ಅಲ್ಯೂಮಿನಿಯಂ ಚಕ್ರ. ಹತ್ತಿರ ಹೋಗಿ ನೋಡಿದರೆ ಅದು ಚಕ್ರವೇ ಅಲ್ಲ, ಬ್ರೇಕ್ ಡ್ರಮ್. ರೆಕ್ಕೆ ರೆಕ್ಕೆಯಾಗಿ ಎರಕ ಹೊಯ್ದ ಅಲ್ಯೂಮಿನಿಯಂ ಡ್ರಮ್ ನೇರವಾಗಿ ಗಾಳಿಗೆ ತೆರೆದುಕೊಂಡಿರುತ್ತದೆ, ಒಳಗೆ ಕಬ್ಬಿಣದ ಬಳೆ. ಹೊರಗಿನ ರಿಮ್ಮನ್ನು ಅದರ ಅಂಚಿಗೆ ಎಂಟು ನಟ್ ಹಾಕಿ ಬಿಗಿಯುತ್ತಾರೆ. ಬಿಸಿ ಬೇಗ ಆರುವುದರಿಂದ ಡ್ರಮ್ ಬ್ರೇಕುಗಳಲ್ಲಿ ಇದು ಮೇಲು. ತೊಂದರೆ ಏನೆಂದರೆ ಆ ಬಳೆ ಸವೆದರೆ ಡ್ರಮ್ಮೇ ಹೋಯಿತು, ಡಿಸ್ಕ್ ಹಾಕಿಸಿದರೆ ಆ ಅಂದವೇ ಹೋಯಿತು. ಕೊಳ್ಳುವ ಮುನ್ನ ಡ್ರಮ್ಮಿನ ಒಳ ಅಳತೆ ತೆಗೆಸಿ.

1965ರ ಗಾಡಿ ನಂಬರಿನಲ್ಲಿ 2+2 ಎಂಬುದಕ್ಕೆ ಕುರುಹಿಲ್ಲ. 1966ರದ್ದಕ್ಕೆ ಮಾತ್ರ 254 ಎಂಬ ಪ್ರತ್ಯೇಕ ಸರಣಿ. ಪಾಂಟಿಯಾಕ್ ವಿ8ಗಳೆಲ್ಲ ಹೊರಗಿನಿಂದ ಒಂದೇ ಬಗೆ, ನೋಡಿ ಗುರುತಿಸುವುದು ಕಷ್ಟ. ಆದರೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರಲ್ಲಿ ಫ್ಯಾಕ್ಟರಿಯ ಬಿಲ್ಲಿನ ದಾಖಲೆಯ ಪ್ರತಿ ಸಿಗುತ್ತದೆ. ಆ ಒಂದು ಹಾಳೆ ಇಲ್ಲದೆ 2+2 ಬೆಲೆ ಕೊಡಬೇಡಿ, ಬರೀ ಕ್ಯಾಟಲಿನಾ ಬೆಲೆ ಕೊಡಿ.

ಇನ್ನೊಂದು. 1961ರಿಂದ 1964ರವರೆಗಿನ ಕ್ಯಾಟಲಿನಾಗಳಲ್ಲಿ ಆಟೋಮ್ಯಾಟಿಕ್ ಇದ್ದರೆ ಅದು ರೋಟೊ ಹೈಡ್ರಾಮ್ಯಾಟಿಕ್, ಬೈಗುಳಕ್ಕೇ ಹೆಸರಾದ ಗೇರ್‌ಬಾಕ್ಸ್. ಅದರ ಕೈ ತಿಳಿದ ಮೆಕ್ಯಾನಿಕ್‌ಗಳು ಈಗ ಅಪರೂಪ. ಆ ವರ್ಷಗಳದ್ದೇ ಬೇಕೆಂದರೆ ಕ್ಲಚ್ ಇರುವ ಗಾಡಿ ನೋಡಿ.

ಕ್ರೈಸ್ಲರ್ 300: ತಾಳ್ಮೆ ಇದ್ದವರಿಗೆ

ಅಕ್ಷರದ ಸರಣಿ ಎನ್ನುವುದು ಇದಕ್ಕೇ. 1955ರ ಸಿ-300ರಿಂದ ಶುರುವಾಗಿ 1965ರ 300 ಎಲ್ ತನಕ ವರ್ಷಕ್ಕೊಂದು ಅಕ್ಷರ. ನೋಡಲೇಬೇಕಾದದ್ದು 1960ರ 300 ಎಫ್. ಅದರ 413 ಎಂಜಿನ್ನಿನ ಎರಡು ಕಾರ್ಬ್ಯುರೇಟರ್ ಎಂಜಿನ್ ಮೇಲೆ ಇಲ್ಲವೇ ಇಲ್ಲ. ಎರಡು ಬದಿಗೂ ಉದ್ದನೆಯ ಕೊಳವೆಗಳ ತುದಿಯಲ್ಲಿ ಫೆಂಡರ್ ಹತ್ತಿರ ಕೂತಿವೆ. ಎಡಗಡೆಯ ಕಾರ್ಬ್ಯುರೇಟರ್ ಬಲಗಡೆಯ ಸಿಲಿಂಡರುಗಳಿಗೆ ಉಣಿಸುತ್ತದೆ, ಬಲದ್ದು ಎಡಕ್ಕೆ. ಕೊಳವೆಯ ಉದ್ದವೇ ಗಾಳಿಯನ್ನು ಒಳಕ್ಕೆ ಒತ್ತುವ ಹಾಗೆ ಲೆಕ್ಕ ಹಾಕಿದ್ದಾರೆ. ಬಾಗಿಲು ತೆರೆದರೆ ಸೀಟು ಹೊರಕ್ಕೆ ತಿರುಗುತ್ತದೆ, ಸೀರೆ ಉಟ್ಟವರಿಗೆ ಇಳಿಯಲು ಅನುಕೂಲ.

ರಿಪೇರಿಗೆ ಬಂದರೆ ಬೇರೆ ಲೋಕ. 1960ರಿಂದ ಕ್ರೈಸ್ಲರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳು) ಹಿಡಿದಿರುವ ಅಡ್ಡಪಟ್ಟಿ ತುಕ್ಕು ತಿಂದಿದ್ದರೆ ಆಸೆ ಬಿಡಿ. ಎಫ್, ಜಿ ಗಾಡಿಗಳ ಗುಂಡಿ ಒತ್ತುವ ಆಟೋಮ್ಯಾಟಿಕ್‌ನಲ್ಲಿ ಪಾರ್ಕ್ ಎಂಬುದೇ ಇಲ್ಲ, ಹ್ಯಾಂಡ್‌ಬ್ರೇಕೇ ಗತಿ. ಹಿಂದಿನ ಬ್ರೇಕ್ ಡ್ರಮ್ ಕಳಚಲು ಪುಲ್ಲರ್ ಬೇಕು. ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಮರೆಯವು, ಎದುರು ದಿಕ್ಕಿಗೆ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದ ಪಂಕ್ಚರ್ ಅಂಗಡಿಯವನು ಬಿಚ್ಚುತ್ತೇನೆಂದು ಬಿಗಿದು ಬಿಗಿದು ಬೋಲ್ಟನ್ನೇ ಮುರಿಯುತ್ತಾನೆ.

1962ರಿಂದ ಅಕ್ಷರವಿಲ್ಲದ ಬರೀ 300 ಕೂಡ ಮಾರಿದರು. ಅದನ್ನು ಅಕ್ಷರದ ಗಾಡಿಯೆಂದು ಹೇಳಿ ಮಾರುವವರಿದ್ದಾರೆ, ಹುಷಾರು. ಹಾಗಂತ ಬರೀ 300 ಕೆಟ್ಟದ್ದಲ್ಲ. 440 ಎಂಜಿನ್ ಇರುವ 1966, 1967ರ ಗಾಡಿ ಸಿಕ್ಕರೆ ಕಡಿಮೆ ದುಡ್ಡಿಗೆ ಒಳ್ಳೆ ಎಳೆತ.

ಇವುಗಳ ಸಾಲಿನಲ್ಲಿ ಜನ ಮರೆತಿರುವ ಇನ್ನೊಂದು ಬ್ಯೂಕ್ ವೈಲ್ಡ್‌ಕ್ಯಾಟ್. ಏರ್ ಕ್ಲೀನರ್ ಮೇಲಿನ 445 ಎಂಜಿನ್ ಗಾತ್ರವಲ್ಲ, ಟಾರ್ಕ್ ಅಂದರೆ ತಿರುಗಿಸುವ ಬಲ; ಎಂಜಿನ್ 401. ಮುಂದಿನ ಅಲ್ಯೂಮಿನಿಯಂ ಡ್ರಮ್ ಬ್ರೇಕು ಆ ಕಾಲಕ್ಕೆ ಬಹಳ ಒಳ್ಳೆಯದು. ಬಿಡಿಭಾಗ ಹುಡುಕುವ ಸಹನೆ ಇದ್ದರೆ ಸದ್ದಿಲ್ಲದೆ ಕೊಳ್ಳಬಹುದಾದ ಗಾಡಿ.

ನೋಡಲು ಹೋದಾಗ

ಯಾವುದೇ ಆಗಲಿ, 1966 ಅಥವಾ ಅದಕ್ಕಿಂತ ಹಳೆಯದಾದರೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಂಟಿ ಕೋಣೆಯದು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. 1967ರಿಂದ ಜೋಡಿ ಕೋಣೆಯದು ಬಂತು. ನಾನು ಹೊಗಳಿದ 7-ಲೀಟರಿಗೂ ಈ ಮಾತು ಅನ್ವಯ. ಹಳೆಯದಕ್ಕೆ ಜೋಡಿಯದು ಹಾಕಿಸುವುದು ದೊಡ್ಡ ಖರ್ಚೇನಲ್ಲ. ಮನೆಗೆ ತಂದ ಮೇಲೆ ಮೊದಲ ಕೆಲಸ ಇದೇ ಆಗಲಿ. ಒರಿಜಿನಲ್ ಕೆಡುತ್ತದೆ ಎನ್ನುವವರು ಎನ್ನಲಿ.

ಮಾರುವವನಿಗೆ ಎಂಜಿನ್ ಬಿಸಿ ಮಾಡಿಡಬೇಡ ಎಂದು ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಹೊಗೆಯ ಬಣ್ಣ ಸುಳ್ಳು ಹೇಳುವುದಿಲ್ಲ. ಫ್ರಿಜ್ಜಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಜೇಬಿನಲ್ಲಿರಲಿ. ಹಿಂದಿನ ಫೆಂಡರಿನ ಕೆಳಭಾಗ, ಹಿಂಗಾಜಿನ ಕೆಳಗಿನ ಅಂಚು ಇಲ್ಲಿ ಅದು ಅಂಟದಿದ್ದರೆ ಒಳಗಿರುವುದು ಪುಟ್ಟಿ. ಟೈರಿನ ಪಕ್ಕದ ನಾಲ್ಕಂಕಿ ವಾರ ಮತ್ತು ವರ್ಷ ಹೇಳುತ್ತದೆ. ಟೈರಿನ ಹಲ್ಲು ಹೊಸದಿದ್ದಂತೆ ಕಂಡರೂ ಹತ್ತು ವರ್ಷ ದಾಟಿದ್ದರೆ ಅದರ ಮೇಲೆ ಹೈವೇಗೆ ಹೋಗಬೇಡಿ.

ಮಿಷಿಗನ್, ಒಹಾಯೊ ಕಡೆಯ ಗಾಡಿಗೆ ರಸ್ತೆಯ ಉಪ್ಪಿನ ಕಾಟ. ಅರಿಜೋನಾ, ನ್ಯೂ ಮೆಕ್ಸಿಕೊದ ಗಾಡಿಗೆ ತಗಡು ಗಟ್ಟಿ, ಆದರೆ ಡ್ಯಾಷ್‌ಬೋರ್ಡ್ ಬಿರುಕು, ಸೀಟು ಪುಡಿ. ನನ್ನನ್ನು ಕೇಳಿದರೆ ಸೀಟು ಹೊಲಿಸಬಹುದು.

ಪೆಟ್ರೋಲಿನ ಚಿಂತೆ ಜನ ಅಂದುಕೊಂಡಷ್ಟಿಲ್ಲ. ಸೀಸ ಬೆರೆಸಿದ ಪೆಟ್ರೋಲನ್ನು ಅಮೆರಿಕದ ರಸ್ತೆಗಳಲ್ಲಿ 1996ರಲ್ಲೇ ಪೂರ್ತಿ ನಿಲ್ಲಿಸಿದರು. ವಾರಕ್ಕೊಮ್ಮೆ ಓಡಿಸುವ ಗಾಡಿಗೆ ಅದರಿಂದ ತಕ್ಷಣದ ಹಾನಿಯಿಲ್ಲ, ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಸಾಕು. ಕಂಪ್ರೆಷನ್ ಹೆಚ್ಚಿರುವುದರಿಂದ ಪ್ರೀಮಿಯಂ ಪೆಟ್ರೋಲೇ ಬೇಕು. ಎಥನಾಲ್‌ಗೆ ಹಳೆ ರಬ್ಬರ್ ಹೋಸುಗಳು ಕರಗುತ್ತವೆ, ಅವನ್ನು ಬದಲಾಯಿಸಿ. ಮೈಲೇಜ್ ಲೀಟರಿಗೆ ನಾಲ್ಕೈದು ಕಿಲೋಮೀಟರ್.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಗಾಡಿಗೆ ಹೊಗೆ ತಪಾಸಣೆ ಇಲ್ಲ. ಮಿಷಿಗನ್‌ನಲ್ಲಿ ಹಿಸ್ಟಾರಿಕಲ್ ಪ್ಲೇಟ್ ಹಾಕಿಸಿದರೆ ಓಡಾಟಕ್ಕೆ ಮಿತಿ ಇದೆ, ಆಗಸ್ಟ್ ತಿಂಗಳೊಂದನ್ನು ಬಿಟ್ಟು. ಆಗಸ್ಟಿನ ಮೂರನೇ ಶನಿವಾರವೇ ಡೆಟ್ರಾಯ್ಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್. ಕೊಳ್ಳುವ ಮುಂಚೆ ಆ ದಿನ ರಸ್ತೆ ಬದಿ ಕುರ್ಚಿ ಹಾಕಿಕೊಂಡು ಕೂತರೆ ಇಲ್ಲಿ ಬರೆದ ಗಾಡಿಗಳನ್ನೆಲ್ಲ ನೋಡಬಹುದು; ಮಾಲೀಕರೂ ಮಾತಿಗೆ ಸಿಗುತ್ತಾರೆ, ಯಾವ ಭಾಗ ಸಿಗಲಿಲ್ಲ ಎಂದು ಕೇಳಿ.

ಕೊಂಡ ಮೇಲೆ ಊರಿಗೆ ತರಬಹುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಮದು, ಸುಂಕದ ಲೆಕ್ಕವನ್ನು ಕಸ್ಟಮ್ಸ್ ಏಜೆಂಟರ ಬಳಿಯೇ ಕೇಳಿ. ನೋಂದಣಿಯ ಮಟ್ಟಿಗೆ ಹೇಳುವುದಾದರೆ 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಆ ನಂಬರಿನಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ಮಾತ್ರ.